ಸರಪಳಿ ಬಿಚ್ಚಿದ ನಾಯಿ, ಬೆಲೆ ತೆರುವ ಹಕ್ಕಿ

ಬೀದಿನಾಯಿಗಳ ಬಗ್ಗೆ ನಡೆದಷ್ಟು ಚರ್ಚೆ ನಮ್ಮಲ್ಲಿ ಸಾಕುನಾಯಿಗಳ ಬಗ್ಗೆ ನಡೆದಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠ ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸುವಂತೆ ಆದೇಶಿಸಿತು. ಹನ್ನೊಂದು ದಿನಗಳ ನಂತರ ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿತು. ರೇಬಿಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಸಂತಾನಹರಣ ಮತ್ತು ಲಸಿಕೆಯ ಬಳಿಕ ಮೊದಲಿದ್ದ ಜಾಗಕ್ಕೇ ಬಿಡಬೇಕೆಂದಿತು. ಪರ-ವಿರೋಧದ ಈ ಗದ್ದಲದಲ್ಲಿ ಎಲ್ಲರ ಕಣ್ಣೂ ನಗರದ ಬೀದಿಯ ಮೇಲೆಯೇ ಇತ್ತು. ಊರಾಚೆಯ ಹುಲ್ಲುಗಾವಲು, ಕೆರೆಯಂಗಳ, ಕುರುಚಲು ಕಾಡುಗಳಲ್ಲಿ ನಾಯಿ ಮತ್ತು ವನ್ಯಜೀವಿ ಎದುರುಬದುರಾಗುವ ವಿಚಾರ ಬದಿಗೇ ಉಳಿಯಿತು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನಾಯಿ ಸಾಕಿದವರ ಸಂಕಟ ನನಗೆ ಅರ್ಥವಾಗುತ್ತದೆ. ವಾರವಿಡೀ ನಾಲ್ಕು ಗೋಡೆಗಳ ನಡುವೆ ಇರುವ ಪ್ರಾಣಿ ಭಾನುವಾರವಾದರೂ ಮನಸೋಇಚ್ಛೆ ಓಡಲಿ ಎಂದು ಕಾರಿನಲ್ಲಿ ಹೊರವಲಯಕ್ಕೆ ಕರೆದೊಯ್ಯುತ್ತಾರೆ. ಬಯಲು ಕಂಡೊಡನೆ ಸರಪಳಿ ಬಿಚ್ಚುತ್ತಾರೆ. ಮನೆಯವರಿಗೂ ನಾಯಿಗೂ ಆನಂದ. ಆದರೆ ಖಾಲಿಯಾಗಿ ಕಾಣುವ ಆ ಬಯಲು ನಿಜಕ್ಕೂ ಖಾಲಿಯಲ್ಲ.

ಹೆಸರಘಟ್ಟದ ಹುಲ್ಲುಗಾವಲನ್ನೇ ನೋಡಿ. ನೆಲಗುಬ್ಬಿ, ಬುರ್ಲಿ, ಟಿಟ್ಟಿಭ ಮೊದಲಾದ ಹಕ್ಕಿಗಳಿಗೆ ಇಂಥ ಬಯಲಿನಲ್ಲಿ ನೆಲವೇ ಗೂಡು. ಚಳಿಗಾಲದಲ್ಲಿ ದೂರದಿಂದ ವಲಸೆ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ತಂಗುವುದೂ ಹುಲ್ಲಿನ ನಡುವೆ, ನೆಲದ ಮೇಲೆ. ಟಿಟ್ಟಿಭದ ಮೊಟ್ಟೆ ಮಣ್ಣಿನ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿರುತ್ತದೆಂದರೆ ಪಕ್ಕದಲ್ಲೇ ನಿಂತವರಿಗೂ ಅದು ಕಾಣುವುದು ಕಷ್ಟ. ಬಿರುಬಿಸಿಲಿನಲ್ಲಿ ತಾಯಿಹಕ್ಕಿ ತನ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಇಲ್ಲಿ ಅನಾಹುತಕ್ಕೆ ನಾಯಿ ಬಾಯಿ ಹಾಕಬೇಕೆಂದೇನೂ ಇಲ್ಲ. ಅದರ ಓಡಾಟಕ್ಕೆ ಬೆದರಿ ಹಕ್ಕಿ ಗೂಡಿನಿಂದ ದೂರವೇ ಉಳಿದರೂ ಮೊಟ್ಟೆ ಹಾಳಾಗಬಹುದು.

ಇದರಲ್ಲಿ ನಾಯಿಯ ತಪ್ಪಿಲ್ಲ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ತಳಿ ಪ್ರಸಿದ್ಧವಾದದ್ದೇ ಬೇಟೆಯ ಓಟಕ್ಕೆ. ಹೊಣೆ ಇರುವುದು ಸರಪಳಿ ಹಿಡಿದ ಕೈಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಾಣಿಯನ್ನು ಅಟ್ಟುವುದು, ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕಲಕುವುದು ಸಹ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಸೇವೆಯಲ್ಲಿದ್ದಷ್ಟು ಕಾಲ ಕಾಯ್ದೆ ಪುಸ್ತಕಗಳ ನಡುವೆಯೇ ಇದ್ದವನಾಗಿ ನಾನು ಹೇಳಬಲ್ಲೆ: ಕಾನೂನಿನ ಮಾತು ಇಷ್ಟು ಸ್ಪಷ್ಟವಾಗಿದ್ದರೂ, ಭಾನುವಾರದ ವಿಹಾರಕ್ಕೆ ಬಂದ ಸಭ್ಯ ಕುಟುಂಬವೊಂದರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಯಾವ ಅಧಿಕಾರಿಯೂ ಮುಂದಾಗಲಾರ. ಮುಂದಾಗಬೇಕೆಂಬುದು ನನ್ನ ವಾದವೂ ಅಲ್ಲ.

ಹಾನಿಯ ಪ್ರಮಾಣವನ್ನಂತೂ ಅಲ್ಲಗಳೆಯಲಾಗದು. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿ ಅಬಿ ವನಕ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭಾರತದಲ್ಲಿ ನಾಯಿಗಳ ದಾಳಿಗೆ ಒಳಗಾದ ವನ್ಯಪ್ರಭೇದಗಳು 80. ಅವುಗಳಲ್ಲಿ 31 ಅಪಾಯದ ಅಂಚಿನಲ್ಲಿರುವಂಥವು. ರೋಗದ ಭಯ ಬೇರೆ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯ ಸುಮಾರು ಮೂರನೇ ಒಂದರಷ್ಟು ಸಿಂಹಗಳು ನಾಯಿಗಳ ರೋಗವಾದ ಡಿಸ್ಟೆಂಪರ್‌ನಿಂದ ಸತ್ತವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅಲ್ಲಿಯೂ ಅದೇ ವೈರಸ್ ಪತ್ತೆಯಾಯಿತು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಇಷ್ಟೆಲ್ಲ ಹಾನಿಯಲ್ಲಿ ದೊಡ್ಡ ಪಾಲು ಅಡ್ಡಾದಿಡ್ಡಿ ತಿರುಗುವ ನಾಯಿಗಳದು. ಲಸಿಕೆ ಹಾಕಿಸಿ, ಮಕ್ಕಳಂತೆ ಸಾಕುವವರನ್ನು ದೂರುವುದೇಕೆ ಎಂಬುದು ಆ ಆಕ್ಷೇಪ. ದೊಡ್ಡ ಪಾಲು ಅವುಗಳದೇ ಎಂಬುದನ್ನು ಒಪ್ಪುತ್ತೇನೆ. ಆದರೆ ಬೀದಿನಾಯಿಯ ಸಮಸ್ಯೆ ಬಗೆಹರಿಯಲು ಹಣ, ಸಿಬ್ಬಂದಿ ಮತ್ತು ಹಲವು ವರ್ಷಗಳು ಬೇಕು. ಸಾಕುನಾಯಿಗೆ ಹೆಸರಿದೆ, ವಿಳಾಸವಿದೆ, ಅಕ್ಷರ ಬಲ್ಲ ಯಜಮಾನನಿದ್ದಾನೆ. ಅವನ ಮಟ್ಟಿಗೆ ಪರಿಹಾರ ನಾಳೆ ಬೆಳಗ್ಗೆಯೇ ಸಾಧ್ಯ. ಸುಲಭವಾದುದನ್ನೇ ಮಾಡದ ನಾವು ಕಠಿಣವಾದುದನ್ನು ಸರ್ಕಾರದಿಂದ ಯಾವ ನೈತಿಕ ಬಲದಿಂದ ಕೇಳೋಣ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ‘ಬಾಹ್ಯ ವೆಚ್ಚ’ ಎನ್ನುತ್ತಾರೆ. ಲಾಭ ಒಬ್ಬರಿಗೆ ದಕ್ಕಿ ನಷ್ಟ ಮತ್ತೊಬ್ಬರ ಮೇಲೆ ಬಿದ್ದಾಗ, ಲಾಭ ಪಡೆದವನಿಗೆ ತನ್ನ ಕೃತ್ಯದ ನಿಜವಾದ ಬೆಲೆ ತಿಳಿಯುವುದೇ ಇಲ್ಲ. ಕಾರ್ಖಾನೆಯ ಹೊಗೆಗೆ ಅನ್ವಯಿಸುವ ಈ ಮಾತು ಹುಲ್ಲುಗಾವಲಿನ ನಾಯಿಗೂ ಅನ್ವಯಿಸುತ್ತದೆ. ವ್ಯತ್ಯಾಸವಿಷ್ಟೇ: ಹೊಗೆ ಕುಡಿದ ನೆರೆಯವನು ನ್ಯಾಯಾಲಯಕ್ಕೆ ಹೋಗಬಲ್ಲ, ಗೂಡು ಕಳೆದುಕೊಂಡ ಹಕ್ಕಿ ಹೋಗಲಾರದು. ಹಾಗೆ ನೋಡಿದರೆ ಸರಪಳಿ ಬಿಚ್ಚುವುದರಲ್ಲಿ ಯಜಮಾನನಿಗೂ ನಷ್ಟದ ಸಾಧ್ಯತೆಯಿದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿರತೆಯ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇ 39ರಷ್ಟು ನಾಯಿಯೇ ಇತ್ತು. ಬೆಂಗಳೂರಿನ ಅಂಚಿನಲ್ಲಿ ಚಿರತೆಗಳಿವೆ ಎಂಬುದು ಹೊಸ ಸುದ್ದಿಯೇನಲ್ಲ.

ಹಾಗಾದರೆ ಮಾಡಬೇಕಾದುದೇನು? ಹೆಸರಘಟ್ಟ ಇದಕ್ಕೆ ಮಾದರಿಯಾಗಬಹುದು. 2021ರಲ್ಲಿ ತಾನೇ ತಿರಸ್ಕರಿಸಿದ್ದ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿ, ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ತೀರ್ಮಾನ ಕೈಗೊಂಡಿತು. ಇಂಥ ಮೀಸಲಿಗೆ ಕಾಯ್ದೆಯ 36-ಬಿ ಕಲಮಿನಡಿ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜತೆಗೆ ಆಯಾ ಗ್ರಾಮ ಪಂಚಾಯಿತಿಗಳ, ಸ್ವಯಂಸೇವಾ ಸಂಸ್ಥೆಗಳ, ಪಶುಸಂಗೋಪನಾ ಇಲಾಖೆಯ ಪ್ರತಿನಿಧಿಗಳಿಗೂ ಸ್ಥಾನವಿದೆ. ಸರಪಳಿಯ ನಿಯಮವನ್ನೂ ಲಸಿಕೆಯ ಕಾರ್ಯಕ್ರಮವನ್ನೂ ಒಂದೇ ಮೇಜಿನ ಸುತ್ತ ರೂಪಿಸಲು ಇದಕ್ಕಿಂತ ತಕ್ಕ ವೇದಿಕೆ ಬೇಕಿಲ್ಲ.

ಇಂಗ್ಲೆಂಡಿನಲ್ಲಿ 2000ನೇ ಇಸವಿಯ ಕಾಯ್ದೆಯೊಂದು ಸಾರ್ವಜನಿಕರ ಓಡಾಟಕ್ಕೆ ತೆರೆದ ಬಯಲು ಪ್ರದೇಶಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರ್ ಮೀರದ ಹಗ್ಗದಲ್ಲಿ ಹಿಡಿದಿರಬೇಕೆಂದು ವಿಧಿಸಿದೆ. ನಾಯಿಪ್ರೀತಿಗೆ ಹೆಸರಾದ ನಾಡು ತನಗೆ ತಾನೇ ಹಾಕಿಕೊಂಡ ಕಟ್ಟಳೆಯಿದು. ಆದರೆ ಹಗ್ಗವೊಂದೇ ಸಾಲದು. ಸಿಡ್ನಿ ಬಳಿಯ ಕಾಡುದಾರಿಗಳ ಕುರಿತು 2007ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಹಗ್ಗ ಕಟ್ಟಿದ ನಾಯಿ ಹಾದುಹೋದಾಗಲೂ ಅಲ್ಲಿ ಕಂಡ ಹಕ್ಕಿಗಳ ಸಂಖ್ಯೆ ಶೇ 41ರಷ್ಟು, ಪ್ರಭೇದಗಳ ವೈವಿಧ್ಯ ಶೇ 35ರಷ್ಟು ಇಳಿದಿತ್ತು. ಆದ್ದರಿಂದ ಮೀಸಲಿನ ಅಂಚಿನ ದಾರಿಗಳಲ್ಲಿ ವರ್ಷವಿಡೀ ಸರಪಳಿ ಕಡ್ಡಾಯವಾಗಲಿ. ಗೂಡು ಕಟ್ಟುವ ಒಳಬಯಲಿಗೆ ನಾಯಿಯ ಪ್ರವೇಶವೇ ಬೇಡ. ಅದಕ್ಕೆ ಪ್ರತಿಯಾಗಿ ನಗರದ ಪಾಲಿಕೆಗಳು ಬಡಾವಣೆಗಳಲ್ಲಿ ಬೇಲಿ ಹಾಕಿದ ನಾಯಿ ಮೈದಾನಗಳನ್ನು ಒದಗಿಸಲಿ. ಓಡುವ ಜಾಗ ಕೊಡದೆ ನಿರ್ಬಂಧ ಹೇರಿದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಕಾಯ್ದೆಯಲ್ಲೂ ಒಂದು ಕೊರತೆಯಿದೆ. ಅಭಯಾರಣ್ಯದ ಐದು ಕಿಲೋಮೀಟರ್ ಸುತ್ತಲಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗ ನಿರೋಧಕ ಲಸಿಕೆ ಹಾಕಿಸಲು ಅದರಲ್ಲಿ ಅವಕಾಶವಿದೆ. ಆದರೆ ‘ಜಾನುವಾರು’ ಪದದ ವ್ಯಾಖ್ಯೆಯಲ್ಲಿ ದನ, ಎಮ್ಮೆ, ಆಡು, ಕುರಿ, ಕತ್ತೆ, ಹಂದಿಗಳ ಹೆಸರಿದೆಯೇ ಹೊರತು ನಾಯಿಯ ಹೆಸರಿಲ್ಲ. ಕಾಡುಪ್ರಾಣಿಗೆ ಡಿಸ್ಟೆಂಪರ್ ಮತ್ತು ರೇಬಿಸ್ ದಾಟಿಸಬಲ್ಲ ಪ್ರಾಣಿಯೇ ಪಟ್ಟಿಯಿಂದ ಹೊರಗುಳಿದದ್ದು ವಿಪರ್ಯಾಸ. ಆ ಒಂದು ಪದವನ್ನು ಸೇರಿಸುವುದರಿಂದ ಬೊಕ್ಕಸಕ್ಕೆ ದೊಡ್ಡ ಹೊರೆಯೇನೂ ಬೀಳದು.

ಪ್ರಾಣಿದಯೆ ನಮ್ಮ ಮಧ್ಯಮವರ್ಗದಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಅದು ನಮ್ಮ ಕೈಯಿಂದ ಉಣ್ಣುವ ಪ್ರಾಣಿಗೆ ಮಾತ್ರ ಮೀಸಲಾದರೆ ದಯೆಯಾಗಿ ಉಳಿಯದು, ಮಮಕಾರವಾಗುತ್ತದೆ. ಎರಡು ಮೀಟರ್ ಹಗ್ಗಕ್ಕೆ ಅಂಗಡಿಯಲ್ಲಿ ಕೆಲವು ನೂರು ರೂಪಾಯಿ. ಹುಲ್ಲಿನ ನಡುವೆ ಕಾವು ಕೂತ ಹಕ್ಕಿಗೆ ನಾವು ಕೊಡಬಹುದಾದ ರಕ್ಷಣೆಗಳಲ್ಲಿ ಇದಕ್ಕಿಂತ ಅಗ್ಗವಾದುದು ಬೇರೊಂದಿಲ್ಲ.