ಅಂಕಿತಕ್ಕೆ ಯಾರ ಕಾವಲು?

‘ಚೀನಾದೋರಿಗೆ ಕಾಪಿರೈಟ್ ಅನ್ನೋದೇ ಗೊತ್ತಿಲ್ಲ ಬಿಡಿ’ ಎಂದು ಹುಣಸೂರಿನ ಜೆರಾಕ್ಸ್ ಅಂಗಡಿಯಲ್ಲಿ ಯಾರೋ ಹೇಳಿದ ಮಾತು ತಲೆ ಕೊರೆಯುತ್ತಿದೆ. ಬ್ರಿಟನ್ನಿನ ಆ್ಯನ್ ರಾಣಿಯ ಕಾಪಿರೈಟ್ ಕಾಯ್ದೆ 1710ರದು. ಅದಕ್ಕೆ ಐದು ಶತಮಾನ ಮೊದಲೇ, ಚೀನಾದ ಸಾಂಗ್ ದೊರೆಗಳ ಕಾಲದಲ್ಲಿ, ಮೇಯ್‌ಶಾನಿನ ಚೆಂಗ್ ಮನೆತನದವರು ತಮ್ಮ ಇತಿಹಾಸ ಗ್ರಂಥದ ಅಚ್ಚಿನ ಹಲಗೆಯಲ್ಲೇ ಮರುಮುದ್ರಣ ಕೂಡದೆಂದು ಕೆತ್ತಿಸಿದ್ದರು. ಆದರೆ ಆ ಕಾವಲು ಅಚ್ಚು ಹಾಕಿದವರಿಗೆ. ಗ್ರಂಥ ಬರೆದ ವಾಂಗ್ ಚೆಂಗನಿಗಲ್ಲ. ಲೇಖಕರ ಹಕ್ಕಿನ ಕಾನೂನು ಅಲ್ಲಿಗೆ ಬಂದದ್ದು 1910ರಲ್ಲಿ. ಎರಡು ವರ್ಷದೊಳಗೆ ಚಿಂಗ್ ಅರಸೊತ್ತಿಗೆಯೇ ಉರುಳಿತು.

ನಮ್ಮಲ್ಲಿ ಪ್ರತಿ ಮಾಡುವುದು ಪುಣ್ಯದ ಕೆಲಸವಾಗಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ಇಂದಿಗೂ ಕೊಂಡಾಡುತ್ತದೆ. ಕವಿಗೆ ಇದ್ದ ಅಳುಕು ಬೇರೆ: ತನ್ನ ಹೆಸರು ಅಳಿದೀತು, ಮಾತು ಕೆಟ್ಟೀತು. ಅದಕ್ಕೇ ಹೆಸರನ್ನು ಕಾವ್ಯದೊಳಗೇ ಹೆಣೆಯುತ್ತಿದ್ದರು. ನಮ್ಮ ಕಲ್ಲಹಳ್ಳಿಯ ಮೂರನೆಯ ಮಂಗರಸನ ವಂಶದ ಸಂಗತಿ ತಿಳಿಯುವುದೂ ಅವನ ಕಾವ್ಯಗಳಿಂದಲೇ. ತನ್ನ ಕೃತಿಯನ್ನೇ ಹಳೆಯ ಕವಿಯದೆಂದು ಮೈಸೂರಿನ ಸಂಪಾದಕರಿಗೆ ಕಳಿಸಿದ ಮುದ್ದಣ ಇದಕ್ಕೆ ಅಪವಾದ. ವಚನಕಾರರಂತೂ ಅಂಕಿತವಿಲ್ಲದೆ ವಚನ ಮುಗಿಸಿದವರಲ್ಲ. ಓಲೆ ಯಾರ ಮನೆಗೆ ಹೋದರೂ ಒಡೆಯನ ಗುರುತು ಅದರ ಜೊತೆಗೇ ಹೋಗುತ್ತಿತ್ತು.

ಇಲ್ಲಿಗೆ ಬರುವಾಗ ನಾನು ಹಿಡಿದ ಪ್ರಶ್ನೆಯೇ ಬದಲಾಯಿತು. ಪ್ರತಿ ಮಾಡುವ ಹಕ್ಕು ಯಾರದು ಎಂಬುದಕ್ಕಿಂತ ತಿದ್ದುವ ಹಕ್ಕು ಯಾರಿಗಿದೆ ಎಂಬುದು ದೊಡ್ಡದು. ಬಸವಣ್ಣನ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾರಣ ಮಾತ್ರ ಭಕ್ತರ ಭಾವನೆಗೆ ಧಕ್ಕೆ. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು ಲೇಖಕನಿಗೆ ಕೊಡುತ್ತದೆ. ಹನ್ನೆರಡನೇ ಶತಮಾನದವನ ಪರವಾಗಿ ಅದನ್ನು ಕೇಳುವವರು ಯಾರು? ಸರ್ಕಾರದ ನಿಷೇಧ ನನಗೆ ಒಪ್ಪಿಗೆಯಿಲ್ಲ, ಅಂಕಿತ ತಿದ್ದುವುದೂ ಒಪ್ಪಿಗೆಯಿಲ್ಲ. ತಿದ್ದಿದ ಪಾಠದ ಪಕ್ಕದಲ್ಲೇ ಮೂಲಪಾಠವನ್ನೂ ಅಚ್ಚು ಹಾಕಬೇಕೆಂಬ ನಿಯಮ ಸಾಕಿತ್ತು.

ಇನ್ನೂ ಸಿಟ್ಟು ಬರುವುದು ಜಾತ್ರೆಯಲ್ಲಿ ಮಾರುವ ವಚನದ ಪುಸ್ತಕಗಳ ಮೇಲೆ. ಮೊದಲ ಪುಟದಲ್ಲೇ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’. ಯಾವ ಹಕ್ಕು? ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಅಂಥ ದುಡಿಮೆಗೆ ಹಕ್ಕಿದೆ. ಈ ಪ್ರಕಾಶಕರು ಪಾಠವನ್ನು ಯಾರ ಸಂಪಾದನೆಯಿಂದ ಎತ್ತಿಕೊಂಡೆವೆಂದೂ ಹೇಳುವುದಿಲ್ಲ. ಅದೊಂದು ಸಾಲನ್ನಾದರೂ ಮುಂದಿನ ಮುದ್ರಣದಲ್ಲಿ ಸೇರಿಸಲಿ.