ಬಾಯಿಮಾತಿನ ‘ಬರಲ್ಲ’ಕ್ಕೆ ಮೇಲ್ಮನವಿ ಎಲ್ಲಿ?

“ನಲವತ್ತು ಬರಲ್ಲಮ್ಮ, ಹೋಗು.” ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲರ ತಪಾಸಣೆ ನಡೆಯುವ ದಿನ ಮೇಜಿನ ಆಚೆಯಿಂದ ಬರುವ ಈ ಮಾತಿಗೆ ಸಹಿ ಇಲ್ಲ, ಸೀಲಿಲ್ಲ, ತಾರೀಕಿಲ್ಲ. ಕೇಳಿಸಿಕೊಂಡವರು ಎಕ್ಸ್‌ರೇ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಊರಲ್ಲಿ ಯಾರಾದರೂ “ಎಷ್ಟು ಪರ್ಸೆಂಟ್ ಕೊಟ್ರು?” ಎಂದರೆ “ಕೊಡಲಿಲ್ಲ” ಎಂದು ಸುಮ್ಮನಾಗುತ್ತಾರೆ. ಇನ್ನು ಮುಂದೆ ಮಾಡುವುದೇನೂ ಉಳಿದಿಲ್ಲ ಎಂದೇ ಅವರ ತಿಳಿವಳಿಕೆ. ಉಳಿದಿದೆ. ಆದರೆ ಅದಕ್ಕೆ ಆ ‘ಬರಲ್ಲ’ ಕಾಗದದ ಮೇಲೆ ಬರಬೇಕು.

ಆ ನಲವತ್ತಕ್ಕೆ ಬೆಲೆ ಎಷ್ಟು ಎನ್ನುವುದನ್ನು ಮೊದಲು ನೋಡೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40ರ ಗೆರೆ ಎಳೆದಿದೆ. ಸರ್ಕಾರಿ ಉದ್ಯೋಗದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ ಸಿಗುವುದು ಆ ಗೆರೆ ದಾಟಿದವರಿಗೆ. ಕರ್ನಾಟಕದ ಮಾಸಾಶನವೂ ಅಲ್ಲಿಂದಲೇ ಶುರು: ಶೇ 40 ದಾಟಿದರೆ ತಿಂಗಳಿಗೆ 800 ರೂಪಾಯಿ, ಶೇ 75 ದಾಟಿದರೆ 1,400. ಕೇಂದ್ರದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಗೆ ಶೇ 80 ಆಗಬೇಕು. ಹಾಗಾಗಿ 38 ಬರೆಸಿಕೊಂಡವರಿಗೆ ಏನೂ ಇಲ್ಲ. 72 ಬರೆಸಿಕೊಂಡವರು ತಿಂಗಳು ತಿಂಗಳೂ 600 ರೂಪಾಯಿ ಕಳೆದುಕೊಳ್ಳುತ್ತಾರೆ. ಇವೆಲ್ಲ ದೊಡ್ಡ ಮೊತ್ತವಲ್ಲ ಎನ್ನುವವರು ಕೂಲಿ ಮಾಡಲಾಗದವರ ಮನೆಯ ಕಿರಾಣಿ ಲೆಕ್ಕವನ್ನು ಒಮ್ಮೆ ನೋಡಬೇಕು.

ಪರ್ಸೆಂಟ್ ಅಳೆಯುವುದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. 2018ರಲ್ಲಿ ಬಂದದ್ದು, 2024ರಲ್ಲಿ ಪರಿಷ್ಕರಣೆಯಾಯಿತು. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನ ಬಲ ಸೊನ್ನೆಯಿಂದ ಐದರೊಳಗೆ ಎಷ್ಟು ಎಂದು ವೈದ್ಯರು ನೋಡುತ್ತಾರೆ. ಇದರಲ್ಲಿ ಶಿಸ್ತಿದೆ, ಒಪ್ಪೋಣ. ಆದರೆ ಅಳೆಯುವುದು ಅಂಗವನ್ನು, ಬದುಕನ್ನಲ್ಲ. ಮಂಡಿ ಮಡಚಲಾಗದ ಗಾರೆ ಕೆಲಸದವಳಿಗೂ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನಿಗೂ ಅದೇ ಅಂಕ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇ 30 ಮಾತ್ರ. ಲಾರಿ ಓಡಿಸುತ್ತಿದ್ದವನಿಗೆ ಆ ಮೂವತ್ತು ಅಂದರೆ ಕೆಲಸವೇ ಹೋದ ಹಾಗೆ. ಅಂಗವಿಕಲರ ಕಾರ್ಡಿನ ಲೆಕ್ಕಕ್ಕೆ ಮಾತ್ರ ಅವನು ಗೆರೆಯ ಕೆಳಗೆ.

ಇಲ್ಲೊಂದು ಲೆಕ್ಕ ಹಲವರಿಗೆ ಗೊತ್ತಿಲ್ಲ. ಒಬ್ಬರಿಗೆ ಎರಡು ತೊಂದರೆಗಳಿದ್ದರೆ ಎರಡನ್ನೂ ಸೇರಿಸಿ ನೋಡಬೇಕು, ಅದಕ್ಕೊಂದು ಸೂತ್ರವಿದೆ. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಕ್ಕೆ ಕೂಡಿಸಬೇಕು. ಕಣ್ಣಿಗೆ 30, ಕಾಲಿಗೆ 20 ಇದ್ದವರಿಗೆ 50 ಸಿಗುವುದಿಲ್ಲ, 43 ಸಿಗುತ್ತದೆ. ಗೆರೆ ದಾಟಲು ಅಷ್ಟು ಸಾಕು. ಕಣ್ಣಿನ ಡಾಕ್ಟರು ಒಂದು ಕೋಣೆಯಲ್ಲಿ, ಮೂಳೆ ಡಾಕ್ಟರು ಇನ್ನೊಂದರಲ್ಲಿ ಕೂತು ಇಬ್ಬರೂ ಬೇರೆಬೇರೆಯಾಗಿ ‘ಬರಲ್ಲ’ ಎಂದುಬಿಟ್ಟರೆ ಈ ಕೂಡುವ ಲೆಕ್ಕವನ್ನು ಯಾರು ಮಾಡುತ್ತಾರೆ?

ನಮ್ಮವರ ಸ್ವಭಾವವೂ ಅವರಿಗೇ ಮುಳುವಾಗುತ್ತದೆ. ಆಸ್ಪತ್ರೆಗೆ ಹೊರಟಾಗ ಇರುವುದರಲ್ಲೇ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ ಬರುತ್ತಾರೆ. “ಮನೆ ಕೆಲಸ ಮಾಡ್ತೀಯಾ?” ಎಂದು ಡಾಕ್ಟರ್ ಕೇಳಿದರೆ “ಹೆಂಗೋ ಆಯ್ತದೆ ಸಾರ್” ಎನ್ನುತ್ತಾರೆ. ಆ ‘ಹೆಂಗೋ’ದ ಒಳಗೆ ನೀರು ಹೊತ್ತು ತರುವ ಮಗಳಿದ್ದಾಳೆ, ಸ್ನಾನ ಮಾಡಿಸುವ ಅತ್ತೆಯಿದ್ದಾಳೆ. ಮಾನಸಿಕ ಕಾಯಿಲೆಯವರ ಮಟ್ಟಿಗೆ ಈ ಉತ್ತರ ಇನ್ನೂ ಅಪಾಯಕಾರಿ. ಅವರನ್ನು ಅಳೆಯುವ ‘ಐಡಿಯಾಸ್’ ಎಂಬ ಪಟ್ಟಿ ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಇವುಗಳ ಬಗ್ಗೆಯೇ ಕೇಳುತ್ತದೆ. ಅಲ್ಲಿ ‘ಹೆಂಗೋ’ ಎಂದರೆ ಅಂಕ ಇಳಿಯಿತು ಎಂದೇ ಅರ್ಥ. ಬಾಯಿ ಬಿಡದಿದ್ದರೂ ಕಷ್ಟ ಕಣ್ಣಿಗೆ ಕಾಣದೆ ಹೋಗುವ ಕಾಯಿಲೆಗಳೂ ಇವೆ. 2016ರ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಹಿಗ್ಗಿಸಿ ಸಿಕಲ್ ಸೆಲ್ ಕಾಯಿಲೆಯನ್ನೂ ಸೇರಿಸಿತು. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಇದು ಇದೆ. ನೋವು ಹೆಚ್ಚಾದ ದಿನ ಆ ರೋಗಿಗೆ ತಪಾಸಣೆಯ ವೈದ್ಯರ ಮುಂದೆ ಬರಲಾಗುವುದಿಲ್ಲ. ಬರಲಾದ ದಿನ ಅವನನ್ನು ನೋಡಿದರೆ ಕಾಯಿಲೆ ಇದೆ ಎಂದೇ ಅನ್ನಿಸುವುದಿಲ್ಲ.

ವೈದ್ಯರ ಅನುಮಾನಕ್ಕೂ ಕಾರಣವಿದೆ. ಸುಳ್ಳು ಸರ್ಟಿಫಿಕೇಟಿನ ಕಥೆಗಳು ಹೊಸದಲ್ಲ. 2024ರಲ್ಲಿ ಮಹಾರಾಷ್ಟ್ರದ ಪ್ರೊಬೇಷನರಿ ಅಧಿಕಾರಿಯೊಬ್ಬರ ಪ್ರಕರಣ ದೇಶದ ತುಂಬ ಸದ್ದು ಮಾಡಿತು. ಮೇಲಿನ ಹುದ್ದೆಗಾಗಿ ಯಾರೋ ಆಡಿದ ಆಟಕ್ಕೆ 800 ರೂಪಾಯಿ ಕೇಳಲು ಬಂದವಳನ್ನು ಅನುಮಾನಿಸುವುದು ಯಾವ ನ್ಯಾಯವೋ ನನಗೆ ತಿಳಿಯದು.

ಈಗ ಕಾಗದದ ವಿಷಯ. ಅದೇ ಕಾಯ್ದೆಯಡಿ ಬಂದ 2017ರ ನಿಯಮಗಳ ಪ್ರಕಾರ, ಅರ್ಜಿದಾರರು ಅರ್ಹರಲ್ಲ ಎಂದು ಕಂಡರೆ ವೈದ್ಯಕೀಯ ಪ್ರಾಧಿಕಾರ ಅದರ ಕಾರಣವನ್ನು ಲಿಖಿತವಾಗಿ ತಿಳಿಸಲೇಬೇಕು. ಅದಕ್ಕೆಂದೇ ನಮೂನೆ 8 ಇದೆ. ಈ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೋರಿ ಇಂಥವರಿಗೆ ಮನವಿ ಸಲ್ಲಿಸಬಹುದು ಎಂಬ ಸಾಲು ಅದರಲ್ಲೇ ಇದೆ. ‘ಇಂಥವರು’ ಯಾರೆಂದು ತುಂಬಲು ಖಾಲಿ ಜಾಗವನ್ನೂ ಬಿಟ್ಟಿದ್ದಾರೆ. ಕಾಯ್ದೆಯ 59ನೇ ಕಲಂ ಮೇಲ್ಮನವಿಯ ಹಕ್ಕನ್ನು ಕೊಟ್ಟು, ಅದನ್ನು ಕೇಳುವ ಪ್ರಾಧಿಕಾರವನ್ನು ಗೊತ್ತುಪಡಿಸುವ ಹೊಣೆಯನ್ನು ರಾಜ್ಯ ಸರ್ಕಾರಕ್ಕೆ ಹೊರಿಸಿದೆ. ಇಷ್ಟೆಲ್ಲ ಇದ್ದೂ ಮೇಜಿನ ಮುಂದೆ ನಿಂತವರಿಗೆ ಸಿಗುವುದು ಬಾಯಿಮಾತು. ಬಾಯಿಮಾತಿನ ಮೇಲೆ ಮೇಲ್ಮನವಿ ಬರೆಯಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಲ್ಲುತ್ತದೆ: ಯಾವ ಆದೇಶ, ಯಾವ ದಿನಾಂಕ, ಯಾವ ಕಾರಣ?

ಕಾಗದ ಕೈಗೆ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ನೋಡಿ. ಬ್ರಿಟನ್ನಿನಲ್ಲಿ 2013ರಿಂದ ಇರುವ ‘ಪಿಪ್’ ಎಂಬ ಅಂಗವಿಕಲ ಭತ್ಯೆಯ ತಪಾಸಣೆಯನ್ನು ಅಲ್ಲಿನವರು ಬೈಯದ ದಿನವಿಲ್ಲ. ಬೈಯುವುದಕ್ಕೆ ಕಾರಣವೂ ಇದೆ. ಆದರೆ ನಿರಾಕರಣೆ ಅಲ್ಲಿ ಪತ್ರವಾಗಿ ಮನೆಗೆ ಬರುತ್ತದೆ. ಅಡುಗೆ, ಸ್ನಾನ, ನಡಿಗೆ ಹೀಗೆ ಪ್ರತಿ ಬಾಬಿಗೂ ಎಷ್ಟು ಅಂಕ ಎಂದು ಅದರಲ್ಲಿರುತ್ತದೆ. ತಪಾಸಣೆಯ ವರದಿ ಕೇಳಿ ಪಡೆಯಬಹುದು. ಒಂದು ತಿಂಗಳೊಳಗೆ ಇಲಾಖೆಗೇ ಮರುಪರಿಶೀಲನೆ ಕೇಳಬೇಕು. ಅಲ್ಲೂ ಆಗದಿದ್ದರೆ ಇಲಾಖೆಯಿಂದ ಹೊರತಾದ ನ್ಯಾಯಮಂಡಳಿ ಇದೆ. ಅದರಲ್ಲಿ ನ್ಯಾಯಾಧೀಶರು, ವೈದ್ಯರು, ಜೊತೆಗೆ ಅಂಗವೈಕಲ್ಯದ ಅನುಭವವಿರುವ ಒಬ್ಬ ಸದಸ್ಯರು ಕೂರುವುದು ರೂಢಿ. ವಿಚಾರಣೆಯ ತನಕ ಹೋದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವೇ ಆಗಿವೆ. ಅಂದರೆ ಮೊದಲ ತಪಾಸಣೆ ತಪ್ಪುವುದು ಎಲ್ಲ ಕಡೆಯೂ ಇದ್ದದ್ದೇ. ಕೈಯಲ್ಲಿ ಕಾಗದ ಇದ್ದುದರಿಂದ ಅಲ್ಲಿ ಆ ತಪ್ಪು ಹೊರಬಿತ್ತು.

ಹಾಗಾಗಿ ‘ಬರಲ್ಲ’ ಎಂದ ಕೂಡಲೇ ಕೇಳಬೇಕಾದ್ದು ಇಷ್ಟೇ: “ಅದನ್ನೇ ಬರೆದುಕೊಡಿ ಸಾರ್.” ಹೇಳಲು ಸುಲಭ, ಆ ಮೇಜಿನ ಮುಂದೆ ನಿಂತು ಕೇಳುವುದು ಕಷ್ಟ ಎಂದು ಬಲ್ಲೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ಜನ ಕರೆಯುವ ವಿ.ಆರ್.ಡಬ್ಲ್ಯು, ಜೊತೆಗೆ ನಿಲ್ಲಬೇಕಾದ್ದು ಇಲ್ಲಿಯೇ. ಬರೆದುಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ತನ್ನದೇ ತಪಾಸಣೆಯ ವರದಿ ಮತ್ತು ಅಂಕದ ಹಾಳೆಯನ್ನು ಕೇಳಬಹುದು. ಬಿಪಿಎಲ್ ಕುಟುಂಬದವರಿಗೆ ಆ ಅರ್ಜಿಗೆ ಶುಲ್ಕವಿಲ್ಲ, ಉತ್ತರಕ್ಕೆ 30 ದಿನದ ಗಡುವಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಂಗವಿಕಲರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು. ಮೇಲ್ಮನವಿಯಲ್ಲಿ ಕಷ್ಟ ತೋಡಿಕೊಂಡು ಪುಟ ತುಂಬಿಸುವುದಕ್ಕಿಂತ ಯಾವ ಅಳತೆ ಬಿಟ್ಟುಹೋಗಿದೆ, ಯಾವ ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನು ನೋಡಲಿಲ್ಲ, ಎರಡು ತೊಂದರೆಯ ಕೂಡುಲೆಕ್ಕ ಆಗಿದೆಯೇ ಎಂದು ಬರೆದರೆ ಕೆಲಸಕ್ಕೆ ಬರುತ್ತದೆ. ಇನ್ನೊಂದು ಮಾತು: ಪರ್ಸೆಂಟ್ ಕೊಡುವವರು ವೈದ್ಯರು, ಮಾಸಾಶನ ಮಂಜೂರು ಮಾಡುವವರು ಕಂದಾಯ ಇಲಾಖೆಯವರು. ನಾಡಕಚೇರಿಯಲ್ಲಿ ಕೂತು ಪರ್ಸೆಂಟಿನ ಜಗಳ ಆಡಿದರೆ ಅದು ಅಲ್ಲಿ ಇತ್ಯರ್ಥವಾಗುವುದಿಲ್ಲ.

ನಲವತ್ತೆಂಬ ಗೆರೆಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟೂ ಹೇಳಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ, ಶೇ 40 ಇಲ್ಲ ಎಂಬ ಕಾರಣಕ್ಕೆ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರನ್ನು ನಿರಾಕರಿಸಲಾಗಿತ್ತು. ಅದು ಸರಿಯಲ್ಲ ಎಂದು 2021ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಮಾಸಾಶನಕ್ಕೆ ಈ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ. ಆದರೆ 39 ಇದ್ದವರೂ ಅಂಗವಿಕಲರೇ, ಅವರ ಅಗತ್ಯವನ್ನೂ ಕೇಳಬೇಕು ಎಂಬ ತತ್ವ ಅಲ್ಲಿದೆ.

ಎಲ್ಲರಿಗೂ ಬರೆದುಕೊಡುತ್ತ ಕೂತರೆ ತಪಾಸಣೆ ಮಾಡುವುದು ಯಾವಾಗ ಎಂದು ವೈದ್ಯರು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಸಾಲು ಕರಗುವುದಿಲ್ಲ, ಕೆಲವು ಕಡೆ ಒಬ್ಬರೇ ಮೂಳೆ ತಜ್ಞರು. ಆದರೆ ಅರ್ಜಿ ಈಗ ಆನ್‌ಲೈನಿನಲ್ಲಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಅಲ್ಲಿಂದಲೇ ಮುದ್ರಣವಾಗಿ ಬರುತ್ತದೆ. ಕೊಡುವುದನ್ನು ಮುದ್ರಿಸುವ ವ್ಯವಸ್ಥೆ, ಕೊಡದಿರುವುದಕ್ಕೆ ಕಾರಣವನ್ನೂ ಕನ್ನಡದಲ್ಲಿ ಮುದ್ರಿಸಿ, ಮೇಲ್ಮನವಿ ಯಾರಿಗೆ ಎಂಬ ಖಾಲಿ ಜಾಗವನ್ನು ತಾನೇ ತುಂಬಿ ಕೊಡಬಹುದು. ಬರೆದುಕೊಟ್ಟರೆ ಎಲ್ಲರೂ ಮೇಲ್ಮನವಿ ಹಾಕುತ್ತಾರಲ್ಲ ಎಂಬ ಆತಂಕವೂ ಇದೆ. ಹಾಕಲಿ. ಎಷ್ಟು ಮಂದಿಗೆ ತಪ್ಪು ಅಂಕ ಬಿದ್ದಿದೆ ಎಂಬ ಲೆಕ್ಕ ಆಗಲಾದರೂ ಇಲಾಖೆಯ ಕೈಗೆ ಸಿಗುತ್ತದೆ.