ಕೋವಿಯ ಕಾಯಿದೆ: ಯಾರಿಗೆ ಬಿಗಿ, ಯಾರಿಗೆ ಸಡಿಲು?

ಚುನಾವಣೆ ಸಾರಿದ ಮರುದಿನವೇ ನಮ್ಮ ಸೀಮೆಯಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಅದರಲ್ಲಿ ಬಾವುಟವಿಲ್ಲ, ಘೋಷಣೆಯಿಲ್ಲ. ಲೈಸೆನ್ಸ್ ಪಡೆದ ರೈತರು ತಮ್ಮ ಕೋವಿಗಳನ್ನು ಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ನಡೆಯುವ ಮೆರವಣಿಗೆ ಅದು. ಮಸ್ಕಿ ಕ್ಷೇತ್ರದ ಮತದಾರರು 2018ರಲ್ಲಿ ವಿಧಾನಸಭೆಗೆ, 2019ರಲ್ಲಿ ಲೋಕಸಭೆಗೆ, 2021ರಲ್ಲಿ ಉಪಚುನಾವಣೆಗೆ, 2023ರಲ್ಲಿ ಮತ್ತೆ ವಿಧಾನಸಭೆಗೆ, 2024ರಲ್ಲಿ ಮತ್ತೆ ಲೋಕಸಭೆಗೆ ಮತ ಹಾಕಿದರು. 2024ರ ಚುನಾವಣೆ ಸಾರಿದ್ದು ಮಾರ್ಚ್ 16ರಂದು, ಫಲಿತಾಂಶ ಬಂದದ್ದು ಜೂನ್ 4ರಂದು. ಫಲಿತಾಂಶವಾಗಿ ಒಂದು ವಾರದ ನಂತರ ಕೋವಿ ಹಿಂತಿರುಗಿಸಬೇಕೆಂಬುದು ನಿಯಮ. ಲೆಕ್ಕ ಹಾಕಿ ನೋಡಿರಿ: ಹತ್ತಿರ ಹತ್ತಿರ ಮೂರು ತಿಂಗಳು.

ಈ ಮೂರು ತಿಂಗಳು ಕಾಡುಹಂದಿಗಳಿಗೆ ನೀತಿಸಂಹಿತೆ ಇಲ್ಲ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಅವು ರಾತ್ರಿಯೇ ಬರುತ್ತವೆ. ಮಂಚಿಕೆಯ ಮೇಲೆ ಕುಳಿತವನ ಕೈಯಲ್ಲಿ ಉಳಿಯುವುದು ಕವಣೆ ಮತ್ತು ತಗಡಿನ ಡಬ್ಬಿ. ಬ್ಯಾಂಕಿನ ಬಾಗಿಲಲ್ಲಿ, ಗಿರಣಿಯ ಗೇಟಿನಲ್ಲಿ ನಿಲ್ಲುವ ಕಾವಲುಗಾರನ ಮಾತನ್ನೂ ಯೋಚಿಸಿರಿ. ಸ್ವಂತ ಕೋವಿ ಇದೆಯೆಂಬ ಒಂದೇ ಕಾರಣಕ್ಕೆ ಅವನಿಗೆ ಕೆಲಸ ಸಿಕ್ಕಿರುತ್ತದೆ. ಕೋವಿ ಠಾಣೆ ಸೇರಿದರೆ ಅವನ ಕೂಲಿಯೂ ಅದರ ಹಿಂದೆ ಹೋಗುವ ಭಯ ಇದ್ದೇ ಇದೆ. ಆದಕಾರಣ ಈ ಪ್ರಶ್ನೆ ಬೇಟೆಯ ಶೋಕಿ ಇರುವ ಸಾಹುಕಾರರದು ಮಾತ್ರವಲ್ಲ, ನಮ್ಮದೂ ಹೌದು.

ಕೋವಿಯನ್ನು ಕಸಿಯುವ ಕಾಯಿದೆ ಈ ನಾಡಿಗೆ ಹೊಸದಲ್ಲ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿತು. ಆ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. 1878ರಲ್ಲಿ ಲಿಟ್ಟನ್ ಸಾಹೇಬನ ಕಾಲದ ಶಸ್ತ್ರಾಸ್ತ್ರ ಕಾಯಿದೆ ಬಂತು. ಭಾರತೀಯನು ಲೈಸೆನ್ಸಿಗಾಗಿ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಯುರೋಪಿಯನ್ನನಿಗೆ ಮಾತ್ರ ವಿನಾಯಿತಿ ದೊರೆಯಿತು. ಈ ಅವಮಾನವನ್ನು ಗಾಂಧೀಜಿ ಬಲವಾಗಿ ಖಂಡಿಸಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಲಾಗಿತ್ತು. ಸಂವಿಧಾನ ಸಭೆಯಲ್ಲಿ ಆ ಹಕ್ಕನ್ನು ಬರೆಯಿಸಲು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿ ಮುಂದೆ ಸಮಾಜವಾದಿ ಮುಖಂಡರಾದ ಎಚ್. ವಿ. ಕಾಮತರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಆ ತಿದ್ದುಪಡಿ ಬಿದ್ದುಹೋಯಿತು.

ಬಿದ್ದದ್ದು ಒಳ್ಳೆಯದೇ ಆಯಿತೆಂದು ನಾವು ಹೇಳುತ್ತೇವೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಹಿರಿಯರಿಗೆ 1947-48ರ ನೆನಪು ಮಾಸಿರಲಿಲ್ಲ. ರಜಾಕಾರರ ಕೈಯಲ್ಲಿ ಬಂದೂಕು, ಹಳ್ಳಿಗರ ಕೈಯಲ್ಲಿ ಬಡಿಗೆ. ಕೋವಿ ಯಾರ ಕೈಗೆ ಬೇಕಾದರೂ ಸೇರುವ ನಾಡಿನಲ್ಲಿ ಅದು ಮೊದಲು ಸೇರುವುದು ಹಣವಂತನ ಮತ್ತು ಗೂಂಡಾನ ಕೈಗೆ. ಹೊರದೇಶಗಳ ಅನುಭವವೂ ಇದನ್ನೇ ಕಲಿಸುತ್ತದೆ. ಅಮೆರಿಕದ ಸಂವಿಧಾನದಲ್ಲಿ ಕೋವಿಯ ಹಕ್ಕು ಇದೆ. ಅಲ್ಲಿ ಶಾಲೆಯ ಮಕ್ಕಳು ಗುಂಡಿಗೆ ಬಲಿಯಾಗುವ ಸುದ್ದಿ ಪದೇಪದೇ ಬರುತ್ತದೆ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ 1996ರಲ್ಲಿ ಒಬ್ಬನು 35 ಜನರನ್ನು ಕೊಂದಾಗ ಅಲ್ಲಿನ ಸರ್ಕಾರ ಕಾಯಿದೆಯನ್ನು ಬಿಗಿ ಮಾಡಿತು. ಆದರೆ ಜನರ ಕೋವಿಗಳನ್ನು ಸುಮ್ಮನೆ ಕಸಿಯಲಿಲ್ಲ, ಬೆಲೆ ಕೊಟ್ಟು ಕೊಂಡುಕೊಂಡಿತು. ಕಾಯಿದೆ ಬಿಗಿಯಾಗಿರಬೇಕು, ಅದರೊಡನೆ ನ್ಯಾಯವೂ ಇರಬೇಕು. ಎರಡೂ ಒಟ್ಟಿಗೆ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಈಗ ನಮ್ಮ ಕಾಯಿದೆಯನ್ನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆ ರಕ್ಷಣೆಗೆಂದು ರೈತ ಪ್ರಾಮಾಣಿಕವಾಗಿ ಕೇಳಿದರೆ ಲೈಸೆನ್ಸ್ ಕೊಡಬೇಕೆಂದು ಅದರ 13ನೆಯ ಕಲಮು ಹೇಳುತ್ತದೆ. 14ನೆಯ ಕಲಮನ್ನು ನಮ್ಮ ವಾಚಕರು ಗಮನವಿಟ್ಟು ಓದಬೇಕು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಕಾರಣ ಮಾತ್ರದಿಂದ ಲೈಸೆನ್ಸ್ ನಿರಾಕರಿಸಕೂಡದು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು; ಸಾರ್ವಜನಿಕ ಹಿತಕ್ಕೆ ಬಾಧಕವಾಗುವ ಪ್ರಸಂಗವೊಂದನ್ನು ಬಿಟ್ಟರೆ, ಕೇಳಿದವನಿಗೆ ಆ ಕಾರಣವನ್ನು ತಿಳಿಸಬೇಕು. ಮೇಲಧಿಕಾರಿಗೆ ಅಪೀಲು ಮಾಡುವ ಹಕ್ಕೂ ಉಂಟು. ಕಾಗದದ ಮೇಲೆ ಇದು ಬಡವನ ಪರವಾದ ಕಾಯಿದೆ. ಆದರೆ ಕಚೇರಿಯಲ್ಲಿ ಪಹಣಿ ತಾ, ಠಾಣೆಯ ವರದಿ ತಾ, ನಾಳೆ ಬಾ ಎಂಬ ಮಾತು ಕೇಳಿ ಕೇಳಿ ಎರಡೆಕರೆಯ ರೈತ ಸೋತು ಮನೆ ಸೇರುತ್ತಾನೆ. ಕಲಮು ಇದೆಯೆಂಬುದೇ ಅವನಿಗೆ ಗೊತ್ತಿರುವುದಿಲ್ಲ.

2016ರ ನಿಯಮಗಳು ಬಂದ ಮೇಲೆ ಕಾಗದಗಳು ಇನ್ನೂ ಹೆಚ್ಚಾದವು. ಕೋವಿಯನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿಯ ಪ್ರಮಾಣಪತ್ರ ಬೇಕು. ಲೈಸೆನ್ಸಿನ ವಿವರ ಕೇಂದ್ರದ ಗಣಕ ದಾಖಲೆಯಲ್ಲಿ ಸೇರಿ ಅದಕ್ಕೊಂದು ನಂಬರು ಬರಬೇಕು. ತೋಟಾಗಳಿಗೆ ಮಿತಿ ಉಂಟು. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ತರಬೇತಿಯಿಲ್ಲದವನ ಕೈಯ ಕೋವಿ ಅವನ ಮನೆಯ ಮಕ್ಕಳಿಗೇ ಅಪಾಯ. ಆದರೆ ತರಬೇತಿ ಎಲ್ಲಿ ಸಿಗುತ್ತದೆ? ತೋಟಾ ಮಾರುವ ಅಂಗಡಿ ಎಷ್ಟು ದೂರ? ಸಂತೆಕಲ್ಲೂರಿನ ರೈತ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ಕೊಟ್ಟು ಹೋಗಿ ಬರಬೇಕಾದರೆ, ಆ ನಿಯಮದ ನಿಜವಾದ ಬೆಲೆ ಫೀಸಿನಲ್ಲಿ ಕಾಣುವುದಿಲ್ಲ.

2019ರ ಡಿಸೆಂಬರಿನ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು. ಅಪ್ಪನಿಂದ ಬಂದ ಕೋವಿಗೂ ಇದೇ ಮಿತಿ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು, ಇದು ಅನುಕೂಲವೇ. ಮದುವೆ ಮೆರವಣಿಗೆಯಲ್ಲಿ ಹುಚ್ಚುಚ್ಚಾಗಿ ಗುಂಡು ಹಾರಿಸುವವನಿಗೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡದ್ದಕ್ಕೆ ಶಿಕ್ಷೆ ಎರಡರಿಂದ ಐದು ವರ್ಷಕ್ಕೆ ಏರಿದೆ. ನವೀಕರಣದ ತಾರೀಖು ಮರೆತ ಮುದುಕ ರೈತನನ್ನೂ, ಪಿಸ್ತೂಲು ಮಾರುವ ದಲ್ಲಾಳಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಏಕೆಂದರೆ ಕೊಲೆಗಡುಕರು ಲೈಸೆನ್ಸಿನ ಸಾಲಿನಲ್ಲಿ ನಿಲ್ಲುವವರಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ನಾಡಪಿಸ್ತೂಲಿನಿಂದ ಎಂದು ತನಿಖೆ ಹೇಳಿತು. ಬೆಳೆ ಕಾಯುವವನ ಕೇಪಿನ ಕೋವಿಯನ್ನು ಠಾಣೆಯಲ್ಲಿ ಪೇರಿಸಿಟ್ಟರೆ ಅಂಥ ಪಿಸ್ತೂಲಿನ ವ್ಯಾಪಾರ ನಿಲ್ಲುವುದೇ?

ಇದೇ ಕರ್ನಾಟಕದಲ್ಲಿ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರು ಕೊಟ್ಟ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮುಂದಿನ ಹತ್ತು ವರ್ಷಕ್ಕೆ ಮುಂದುವರಿಸಿತು; 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಬಂಧುಗಳ ಸಂಪ್ರದಾಯದ ಬಗ್ಗೆ ನಮಗೆ ಮತ್ಸರವಿಲ್ಲ. ಅವರಿಗೆ ನಂಬಿಕೆಯಿಂದ ದೊರೆತದ್ದು ನಮ್ಮ ರೈತನಿಗೆ ಕಾಯಿದೆಯ ಪ್ರಕಾರವಾದರೂ ದೊರೆಯಲಿ ಎಂಬುದಷ್ಟೇ ನಮ್ಮ ಮಾತು.

ಚುನಾವಣೆಯ ಜಮಾವಣೆಯೂ ಕುರುಡಾಗಿ ನಡೆಯಬೇಕಿಲ್ಲ. ಗೋವೆಯ ಪ್ರಕರಣವೊಂದರಲ್ಲಿ ಮುಂಬಯಿ ಹೈಕೋರ್ಟು 2009ರಲ್ಲಿ ಕೊಟ್ಟ ತೀರ್ಪಿನ ನಂತರ ಚುನಾವಣಾ ಆಯೋಗವು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕೆಂದು ಸೂಚಿಸಿದೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕವರು, ಇಂಥವರನ್ನು ಒಬ್ಬೊಬ್ಬರಾಗಿ ನೋಡಿ ತೀರ್ಮಾನಿಸಬೇಕು. ಎಲ್ಲರನ್ನೂ ಒಂದೇ ಆಜ್ಞೆಯಲ್ಲಿ ಕಟ್ಟಿಹಾಕುವುದು ಅಧಿಕಾರಿಗೆ ಸುಲಭ. ಆದರೆ ಅದು ನ್ಯಾಯವಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಚುನಾವಣೆ ಬಂದಾಗ ಸಮಿತಿ ಕೂಡಲಿ, ಹೆಸರು ಹೆಸರಾಗಿ ವಿಚಾರ ಮಾಡಲಿ. ಠಾಣೆಯಲ್ಲಿ ಇಟ್ಟ ಕೋವಿಗೆ ಕೈಯಲ್ಲಿ ರಸೀದಿ ಕೊಡಲಿ, ಅವಧಿ ಮುಗಿದ ದಿನ ತುಕ್ಕು ಹಿಡಿಯದಂತೆ ಹಿಂತಿರುಗಿಸಲಿ. ತರಬೇತಿಯೂ ನವೀಕರಣವೂ ತಾಲೂಕಿನಲ್ಲೇ ಆಗಲಿ. ನಿರಾಕರಣೆಯ ಕಾರಣ ಕನ್ನಡದಲ್ಲಿ ಬರಹದಲ್ಲಿ ಸಿಗಲಿ. ಪೊಲೀಸರ ಶಕ್ತಿ ಕಳ್ಳಪಿಸ್ತೂಲಿನ ಜಾಡು ಹಿಡಿಯುವುದಕ್ಕೆ ಸಲ್ಲಲಿ.

ರೈತ ಬಾಂಧವರಿಗೂ ಒಂದು ಮಾತು. ಕೋವಿಯ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಅಪ್ಪಣೆಯಲ್ಲ. ಹಂದಿಗೂ ಕೃಷ್ಣಮೃಗಕ್ಕೂ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಗುಂಡಿನ ಸದ್ದಿನಿಂದ ಬೆದರಿಸುವುದು ಬೇರೆ, ಕೊಲ್ಲುವುದು ಬೇರೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಲು ಹಿಂಜರಿಯಬೇಡಿರಿ. ಬೇಲಿಗೆ ವಿದ್ಯುತ್ ಹರಿಸಬೇಡಿರಿ. ಅದು ನೆರೆಹೊಲದ ಕೂಲಿಯವನನ್ನೇ ಕೊಂದೀತು.

ಗಿರಣಿಯ ಕಾರ್ಮಿಕರೂ ಸಂತೆಯ ಚಿಕ್ಕ ವ್ಯಾಪಾರಿಗಳೂ ಇದು ತಮಗೆ ಸಂಬಂಧಿಸದ ವಿಷಯವೆಂದು ಪಕ್ಕಕ್ಕೆ ಇಡಬಾರದು. ರೈತನ ಹೊಲದಲ್ಲಿ ಬೆಳೆ ಉಳಿದರೆ ಗಿರಣಿಗೆ ಮಾಲು, ಸಂತೆಗೆ ಗಿರಾಕಿ. ಮುಂದಿನ ಚುನಾವಣೆ ಸಾರುವ ಮೊದಲೇ ಲೈಸೆನ್ಸುದಾರರು ಊರೂರಿನಲ್ಲಿ ಸೇರಿ, ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲಿ. ಅದಕ್ಕೆ ಸಹಿ ಹಾಕುವಾಗ ಕೋವಿಯಿಲ್ಲದ ನಾವೂ ಅವರ ಪಕ್ಕದಲ್ಲಿ ನಿಲ್ಲೋಣ.